ಸ್ಯಾಕ್ರಮೆಂಟೊ ಕಿಂಗ್ಸ್: ತಂಡ ಸೋತಾಗ ತರಬೇತುದಾರನೇ ಹೋಗಬೇಕೆ?

ಮುಂಬಯಿಯ ನಮ್ಮ ಓದುಗರಲ್ಲಿ ಕೆಲವರಿಗಾದರೂ 2019ರ ಅಕ್ಟೋಬರ್ 4 ಮತ್ತು 5ರ ದಿನಗಳು ನೆನಪಿರಬಹುದು. ವರ್ಲಿಯ ಎನ್.ಎಸ್.ಸಿ.ಐ. ಡೋಮ್ ಒಳಾಂಗಣದಲ್ಲಿ ಅಂದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್.ಬಿ.ಎ.ಯ ಎರಡು ತಂಡಗಳು ಭಾರತದ ನೆಲದಲ್ಲಿ ಮೊತ್ತಮೊದಲ ಬಾರಿಗೆ ಎದುರುಬದುರಾದವು. ಇಂಡಿಯಾನಾ ಪೇಸರ್ಸ್ ತಂಡವು ಮೊದಲ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 132-131ರಿಂದಲೂ, ಎರಡನೆಯದನ್ನು 130-106ರಿಂದಲೂ ಗೆದ್ದುಕೊಂಡಿತು. ಎರಡೂ ದಿನ ಸೋತ ತಂಡ ಸ್ಯಾಕ್ರಮೆಂಟೊ ಕಿಂಗ್ಸ್. ಆದರೆ ಸಭಾಂಗಣದ ಅಕ್ಕರೆ ಹೆಚ್ಚಾಗಿ ಒಲಿದದ್ದು ಸೋತವರ ಕಡೆಗೇ ಇದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಆ ತಂಡದ ಒಡೆಯರಾದ ವಿವೇಕ್ ರಣದಿವೆ ಅವರು ಇದೇ ಮುಂಬಯಿಯಲ್ಲಿ ಹುಟ್ಟಿ ಬೆಳೆದವರು, ಎನ್.ಬಿ.ಎ. ತಂಡವೊಂದರ ಬಹುಪಾಲು ಒಡೆತನ ಪಡೆದ ಭಾರತೀಯ ಮೂಲದ ಮೊದಲಿಗರು.

ಅಂದಿನಿಂದ ಕಿಂಗ್ಸ್ ತಂಡದ ಏಳುಬೀಳುಗಳನ್ನು ದೂರದಿಂದಲೇ ಗಮನಿಸುತ್ತ ಬಂದಿರುವ ನಮಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ತಂಡ ಸೋಲತೊಡಗಿದಾಗ ಮುಖ್ಯ ತರಬೇತುದಾರನನ್ನು ಬದಲಿಸುವುದು ಸರಿಯಾದ ಮದ್ದೇ, ಅಥವಾ ಅದೇ ಒಂದು ರೋಗವೇ? ಈ ಪ್ರಶ್ನೆಗೆ ಕಿಂಗ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಣದಿವೆ ಅವರ ಬಳಗವು 53.4 ಕೋಟಿ ಡಾಲರ್ ಮೌಲ್ಯದಲ್ಲಿ ಈ ತಂಡವನ್ನು ಕೊಂಡದ್ದು 2013ರಲ್ಲಿ. ತಂಡವು ಸ್ಯಾಕ್ರಮೆಂಟೊ ನಗರವನ್ನು ಬಿಟ್ಟು ಸಿಯಾಟಲ್‌ಗೆ ಹೊರಟುಹೋಗುವುದರಲ್ಲಿದ್ದಾಗ ಅದನ್ನು ಉಳಿಸಿಕೊಟ್ಟವರೆಂಬ ಋಣ ಆ ಊರಿಗೆ ಅವರ ಮೇಲಿದೆ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆದರೆ 2013ರಿಂದ 2025ರವರೆಗಿನ ಹನ್ನೆರಡು ವರ್ಷಗಳಲ್ಲಿ, ತಾತ್ಕಾಲಿಕವಾಗಿ ನೇಮಕಗೊಂಡವರನ್ನೂ ಸೇರಿಸಿ, ಎಂಟು ಮಂದಿ ಆ ತಂಡದ ಮುಖ್ಯ ತರಬೇತುದಾರರಾದರು. ಇದೇ ಅವಧಿಯುದ್ದಕ್ಕೂ ಮಯಾಮಿ ಹೀಟ್ ತಂಡಕ್ಕೆ ಒಬ್ಬರೇ ತರಬೇತುದಾರರಿದ್ದರು.

ಕ್ರಿಕೆಟ್ಟಿಗೆ ಒಗ್ಗಿದ ಕಣ್ಣಿಗೆ ಬಾಸ್ಕೆಟ್‌ಬಾಲ್ ತರಬೇತುದಾರನ ಅಧಿಕಾರ ಸುಲಭವಾಗಿ ತಿಳಿಯುವುದಿಲ್ಲ. ಕ್ರಿಕೆಟ್ಟಿನಲ್ಲಿ ಅಂಗಣಕ್ಕಿಳಿದ ಮೇಲೆ ನಾಯಕನದೇ ಆಳ್ವಿಕೆ. ತರಬೇತುದಾರ ಹೊರಗೆ ಕುಳಿತು ನೋಡುವವನು. ಇಲ್ಲಿ ಹಾಗಲ್ಲ. ನಲವತ್ತೆಂಟು ನಿಮಿಷಗಳ ಆಟದಲ್ಲಿ ಯಾವ ಐವರು ಯಾವ ಹೊತ್ತಿಗೆ ಅಂಗಣದಲ್ಲಿರಬೇಕು, ಯಾರು ಯಾರನ್ನು ಕಾಯಬೇಕು, ಎದುರಾಳಿ ಸತತವಾಗಿ ಅಂಕ ಗಳಿಸುತ್ತಿರುವಾಗ ಎಂದು ವಿರಾಮ ಕೇಳಿ ಆಟದ ಓಟವನ್ನು ಮುರಿಯಬೇಕು, ಕೊನೆಯ ಹತ್ತು ಸೆಕೆಂಡುಗಳಲ್ಲಿ ಚೆಂಡು ಯಾರ ಕೈಗೆ ಹೋಗಬೇಕು ಎಂಬುದೆಲ್ಲ ಅಂಚಿನಲ್ಲಿ ನಿಂತ ಅವನ ನಿರ್ಧಾರ. ನಮ್ಮ ಕರಾವಳಿಯ ಓದುಗರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅವನು ಮೇಳದ ಭಾಗವತ. ವೇಷಧಾರಿ ಎಷ್ಟೇ ದೊಡ್ಡವನಿರಲಿ, ಪದ ಎತ್ತುವುದೂ ಪ್ರಸಂಗವನ್ನು ಬೆಳೆಸುವುದೂ ಮೊಟಕುಗೊಳಿಸುವುದೂ ಭಾಗವತರ ಕೈಯಲ್ಲಿರುತ್ತದೆ. ದೀಪಾವಳಿಯ ಬಳಿಕ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳದ ತಿರುಗಾಟದಂತೆಯೇ ಎನ್.ಬಿ.ಎ.ಯ ತಿರುಗಾಟವೂ ಅಕ್ಟೋಬರ್‌ನಲ್ಲಿ ಹೊರಟು ಏಪ್ರಿಲ್‌ವರೆಗೆ ಊರೂರು ಸುತ್ತಿ, ತಂಡವೊಂದಕ್ಕೆ ಎಂಬತ್ತೆರಡು ಪಂದ್ಯಗಳನ್ನು ಆಡಿಸುತ್ತದೆ. ಅದರ ಮೇಲೆ ಅರ್ಹರಾದವರಿಗೆ ಜೂನ್‌ವರೆಗೆ ಪ್ಲೇ-ಆಫ್.

ಆದರೆ ಭಾಗವತರಿಗೆ ಇಲ್ಲದ ಒಂದು ಅಧಿಕಾರವನ್ನು ಗಮನಿಸಬೇಕು. ಮೇಳಕ್ಕೆ ಕಲಾವಿದರನ್ನು ಗೊತ್ತುಮಾಡುವುದು ಯಜಮಾನರು. ಎನ್.ಬಿ.ಎ.ಯಲ್ಲಿಯೂ ಆಟಗಾರರನ್ನು ಆರಿಸುವುದು, ಕೊಳ್ಳುವುದು, ಬೇರೆ ತಂಡದೊಡನೆ ವಿನಿಮಯ ಮಾಡಿಕೊಳ್ಳುವುದು ಒಡೆಯ ಮತ್ತು ಅವನು ನೇಮಿಸಿದ ಜನರಲ್ ಮ್ಯಾನೇಜರ್‌ನ ಕೆಲಸ. ತರಬೇತುದಾರನ ಮಾತನ್ನು ಕೇಳಬಹುದು, ಕೇಳದಿರಲೂಬಹುದು. ಕೊಟ್ಟ ಅಕ್ಕಿಯಲ್ಲಿ ಅನ್ನ ಮಾಡುವವನು ಅವನು.

ಹೀಗಿದ್ದೂ ಸೋಲಿನ ಹೊಣೆ ಮೊದಲು ಅವನ ಹೆಗಲಿಗೇ ಬೀಳಲು ಕಾರಣ ಲೀಗಿನ ಲೆಕ್ಕಪತ್ರದಲ್ಲಿದೆ. ಆಟಗಾರರ ಒಪ್ಪಂದಗಳು ಬಹುಮಟ್ಟಿಗೆ ಖಾತರಿಯ ಒಪ್ಪಂದಗಳು. ಹಲವು ವರ್ಷಗಳಿಗೆ ಕೋಟಿಗಟ್ಟಲೆ ಡಾಲರ್ ಕೊಡಲೇಬೇಕು. ತಂಡವೊಂದು ಆಟಗಾರರ ಸಂಬಳಕ್ಕೆ ಎಷ್ಟು ವೆಚ್ಚ ಮಾಡಬಹುದೆಂಬುದಕ್ಕೆ ಲೀಗು ಮಿತಿ ಹಾಕಿದೆ. ಆ ಮಿತಿಯ ಮೇಲಿರುವ ತಂಡವು ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತರಬೇಕಾದರೆ ಎರಡೂ ಕಡೆಯ ಸಂಬಳ ಹೆಚ್ಚುಕಡಿಮೆ ಸರಿದೂಗಬೇಕು. ಹಾಗಾಗಿ ಡಿಸೆಂಬರ್ ತಿಂಗಳಿನಲ್ಲಿ ಹದಿನೈದು ಆಟಗಾರರನ್ನು ಬದಲಿಸುವುದು ಆಗದ ಮಾತು. ತರಬೇತುದಾರನ ಸಂಬಳವಾದರೋ ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಅವನನ್ನು ಕಳುಹಿಸಲು ಒಡೆಯನ ಜೇಬು ಮಾತ್ರ ಅಡ್ಡಿ. ಸೋತ ಊರಿಗೆ ‘ನಾವು ಏನೋ ಮಾಡಿದೆವು’ ಎಂದು ತೋರಿಸಲು ಇರುವ ಅತಿ ಸುಲಭದ ದಾರಿ ಇದು.

ಇನ್ನು ಕಿಂಗ್ಸ್‌ನ ಕಥೆಗೆ ಬರೋಣ. ರಣದಿವೆ ಅವರು ನೇಮಿಸಿದ ಮೊದಲ ತರಬೇತುದಾರ ಮೈಕಲ್ ಮಲೋನ್. ಮೊದಲ ವರ್ಷ 28 ಗೆಲುವು, 54 ಸೋಲು. ಎರಡನೆಯ ವರ್ಷ ತಂಡ ಚೆನ್ನಾಗಿಯೇ ಹೊರಟಿತು. ಅಷ್ಟರಲ್ಲಿ ತಂಡದ ಆಧಾರಸ್ತಂಭವಾಗಿದ್ದ ಡಿಮಾರ್ಕಸ್ ಕಸಿನ್ಸ್ ಮೆದುಳುಪೊರೆಯ ಸೋಂಕಿನಿಂದ ಮಲಗಿದರು. ಅವರಿಲ್ಲದ ಒಂಬತ್ತು ಪಂದ್ಯಗಳಲ್ಲಿ ತಂಡ ಏಳನ್ನು ಸೋತಿತು. 11 ಗೆಲುವು 13 ಸೋಲು ಎಂಬ ಸ್ಥಿತಿಯಲ್ಲಿ, 2014ರ ಡಿಸೆಂಬರ್ ಮಧ್ಯದಲ್ಲಿ, ಮಲೋನ್ ಅವರನ್ನು ಕಳುಹಿಸಲಾಯಿತು. ಆಟ ಇನ್ನಷ್ಟು ವೇಗವಾಗಿರಬೇಕೆಂಬುದು ಆಡಳಿತದ ಬಯಕೆಯಾಗಿತ್ತು. ಅವರ ಜಾಗಕ್ಕೆ ಬಂದ ಟೈರೋನ್ ಕಾರ್ಬಿನ್ 7 ಗೆದ್ದು 21 ಸೋತರು; ಫೆಬ್ರುವರಿಯಲ್ಲಿ ಅವರನ್ನೂ ಬದಲಿಸಿ ಕರೆತಂದ ಹಿರಿಯ ಜಾರ್ಜ್ ಕಾರ್ಲ್ 11 ಗೆದ್ದು 19 ಸೋತರು. ಒಂದೇ ತಿರುಗಾಟದಲ್ಲಿ ಮೂವರು ಭಾಗವತರು. ವೇಷಧಾರಿಗಳ ಗತಿ ಏನಾಗಿರಬೇಡ!

ಹಾಗೆ ಹೊರಬಿದ್ದ ಮಲೋನ್ ಅವರನ್ನು 2015ರಲ್ಲಿ ಡೆನ್ವರ್ ನಗೆಟ್ಸ್ ತಂಡ ಕರೆದುಕೊಂಡಿತು. ಅಲ್ಲಿಯೂ ಮೊದಲ ವರ್ಷಗಳು ಸಾಧಾರಣವೇ ಆಗಿದ್ದವು. ಡೆನ್ವರ್ ಕಾದಿತು. 2023ರಲ್ಲಿ ಆ ತಂಡ ತನ್ನ ಇತಿಹಾಸದ ಮೊದಲ ಎನ್.ಬಿ.ಎ. ಪ್ರಶಸ್ತಿಯನ್ನು ಎತ್ತಿಹಿಡಿಯಿತು. (ಅದೇ ಡೆನ್ವರ್ 2025ರ ಏಪ್ರಿಲ್‌ನಲ್ಲಿ, ಇನ್ನು ಮೂರೇ ಪಂದ್ಯಗಳು ಉಳಿದಿದ್ದಾಗ, ಅವರನ್ನು ಮನೆಗೆ ಕಳುಹಿಸಿತೆಂಬುದು ಬೇರೆ ಮಾತು. ಈ ಉದ್ಯೋಗದಲ್ಲಿ ಕೃತಜ್ಞತೆಗೆ ಆಯುಸ್ಸು ಕಡಿಮೆ.)

ನಮ್ಮ ಮಟ್ಟಿಗೆ ಕಿಂಗ್ಸ್‌ನ ಅತ್ಯಂತ ದೊಡ್ಡ ತಪ್ಪು ನಡೆದದ್ದು 2018 ಮತ್ತು 2019ರ ನಡುವೆ. ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಎಂಬ ವ್ಯವಸ್ಥೆ ಅಲ್ಲಿದೆ. ಹಿಂದುಳಿದ ತಂಡಗಳಿಗೆ ಮುಂದಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. 2018ರಲ್ಲಿ ಕಿಂಗ್ಸ್‌ಗೆ ಎರಡನೆಯ ಸರದಿ ಬಂದಿತ್ತು. ಸ್ಲೊವೇನಿಯಾದ ಲೂಕಾ ಡಾನ್ಚಿಚ್ ಎಂಬ ಹದಿಹರೆಯದ ಅದ್ಭುತ ಪ್ರತಿಭೆ ಕಣ್ಣೆದುರಿಗಿದ್ದರೂ ಆಡಳಿತ ವರ್ಗ ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿತು. ಡಾನ್ಚಿಚ್ ಕೆಲವೇ ವರ್ಷಗಳಲ್ಲಿ ಲೀಗಿನ ಅಗ್ರಗಣ್ಯರಲ್ಲಿ ಒಬ್ಬರಾದರು. ಬ್ಯಾಗ್ಲಿ ಆ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಈ ಆಯ್ಕೆ ತರಬೇತುದಾರನದಲ್ಲ. ಆ ವರ್ಷ ಡೇವ್ ಯೇಗರ್ ಎಂಬ ತರಬೇತುದಾರರು, ಇದ್ದ ಎಳೆಯರನ್ನೇ ಕಟ್ಟಿಕೊಂಡು 39 ಪಂದ್ಯ ಗೆಲ್ಲಿಸಿದರು. 2005-06ರ ನಂತರ ತಂಡ ಕಂಡ ಅತಿ ಹೆಚ್ಚಿನ ಗೆಲುವುಗಳವು. ತಿರುಗಾಟ ಮುಗಿದೊಡನೆ ಕೆಲಸ ಕಳೆದುಕೊಂಡವರು ಯೇಗರ್. ಬ್ಯಾಗ್ಲಿಯನ್ನು ಆರಿಸಿದ ಜನರಲ್ ಮ್ಯಾನೇಜರ್ ವ್ಲಾಡೆ ಡಿವಾಚ್ ಅವರು 2020ರವರೆಗೆ ಮುಂದುವರಿದರು. ಅಕ್ಕಿ ಆರಿಸಿದವನು ಉಳಿದು ಅಡುಗೆಯವನು ಹೋದದ್ದು ಹೀಗೆ. ವರ್ಲಿಗೆ ಬಂದ ತಂಡದ ಅಂಚಿನಲ್ಲಿ ನಿಂತಿದ್ದವರು ಯೇಗರ್ ಅವರ ಬಳಿಕ ನೇಮಕಗೊಂಡ ಲ್ಯೂಕ್ ವಾಲ್ಟನ್. ಅವರು ಎರಡು ವರ್ಷಗಳೂ 31 ಗೆಲುವು 41 ಸೋಲು ಎಂಬ ಒಂದೇ ಲೆಕ್ಕ ತೋರಿಸಿ, ಮೂರನೆಯ ವರ್ಷ 6-11ರಲ್ಲಿ ನಿಂತಾಗ 2021ರ ನವೆಂಬರ್‌ನಲ್ಲಿ ನಿರ್ಗಮಿಸಿದರು. ಆ ಬದಲಾವಣೆಯನ್ನು ನಾವು ತಪ್ಪೆನ್ನಲಾರೆವು. ಎರಡು ವರ್ಷಗಳಿಗೂ ಮೀರಿದ ಅವಕಾಶದಲ್ಲಿ ಆಟ ಒಂದಿಂಚೂ ಮೇಲೇರಿರಲಿಲ್ಲ.

2022ರಲ್ಲಿ ಮೈಕ್ ಬ್ರೌನ್ ಬಂದರು. ಅದಕ್ಕೆ ಕೆಲವು ತಿಂಗಳ ಮುಂಚೆ ಇಂಡಿಯಾನಾದಿಂದ ಡೊಮಾಂಟಸ್ ಸಬೋನಿಸ್ ಬಂದಿದ್ದರು. ಮುಂಬಯಿಗೆ ಬಂದಿದ್ದ ವರ್ಷ ಪೇಸರ್ಸ್ ಬಳಗದಲ್ಲಿದ್ದವರೇ ಅವರು. ಸಬೋನಿಸ್ ಮತ್ತು ಮಿಂಚಿನ ವೇಗದ ಡಿ’ಆರನ್ ಫಾಕ್ಸ್ ಜೋಡಿಯ ಸುತ್ತ ಬ್ರೌನ್ ಹೆಣೆದ ಆಟ 2022-23ರಲ್ಲಿ ಅಂಕ ಗಳಿಕೆಯಲ್ಲಿ ಇಡೀ ಲೀಗಿಗೇ ಮೊದಲನೆಯದಾಯಿತು. 48 ಗೆಲುವು, 34 ಸೋಲು. ಹದಿನಾರು ವರ್ಷ ಸತತವಾಗಿ ಪ್ಲೇ-ಆಫ್ ಕಾಣದ, ಲೀಗಿನಲ್ಲೇ ಅತಿ ದೀರ್ಘವಾದ ಬರಗಾಲ ಅಂದಿಗೆ ಮುಗಿಯಿತು. ಪ್ರತಿ ಗೆಲುವಿನ ನಂತರ ಕ್ರೀಡಾಂಗಣದ ಮೇಲಿನಿಂದ ಆಕಾಶಕ್ಕೆ ನೇರಳೆ ಬಣ್ಣದ ಬೆಳಕಿನ ಕಂಬವೊಂದನ್ನು ಹಾಯಿಸುವ ಪದ್ಧತಿಯೂ ಆ ವರ್ಷದ್ದೇ. ಊರಿನ ಜನ ಮನೆಯ ಮುಂದೆ ನಿಂತು ಆ ಬೆಳಕನ್ನು ನೋಡಿ ತಂಡ ಗೆದ್ದಿತೆಂದು ತಿಳಿಯುತ್ತಿದ್ದರು. ಬ್ರೌನ್ ಅವರನ್ನು ವರ್ಷದ ಶ್ರೇಷ್ಠ ತರಬೇತುದಾರರೆಂದು ಆರಿಸಿದಾಗ ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. ಮರುವರ್ಷ 46 ಗೆಲುವು. ಆದರೆ ಪ್ಲೇ-ಆಫ್‌ಗೆ ಮುನ್ನ ನಡೆಯುವ ಪ್ಲೇ-ಇನ್ ಪಂದ್ಯದಲ್ಲಿ ಮುಗ್ಗರಿಸಿದರು. 2024ರ ಜೂನ್‌ನಲ್ಲಿ ಅವರ ಒಪ್ಪಂದವನ್ನು 2026-27ರವರೆಗೆ ವಿಸ್ತರಿಸಲಾಯಿತು.

ಆರು ತಿಂಗಳ ಬಳಿಕ, 2024ರ ಡಿಸೆಂಬರ್ 26ರ ರಾತ್ರಿ, ಸ್ವಂತ ಅಂಗಣದಲ್ಲಿ ಕಿಂಗ್ಸ್ ತಂಡ ಡಿಟ್ರಾಯಿಟ್ ಪಿಸ್ಟನ್ಸ್ ಎದುರು ಕೊನೆಯ ಮೂರು ನಿಮಿಷಗಳಲ್ಲಿ ಮುನ್ನಡೆಯಲ್ಲಿತ್ತು. ಮೂರು ಸೆಕೆಂಡು ಉಳಿದಿದ್ದಾಗ ಡಿಟ್ರಾಯಿಟ್‌ನ ಜೇಡನ್ ಐವಿ ಮೂರು ಅಂಕಗಳ ಎಸೆತವನ್ನು ಬುಟ್ಟಿಗೆ ಹಾಕಿದರು. ಹಾಕುವಾಗ ಫಾಕ್ಸ್ ಅವರಿಂದ ಫೌಲ್ ಕೂಡ ಆಯಿತು. ಸಿಕ್ಕಿದ ಫ್ರೀ ಥ್ರೋ ಸೇರಿ ನಾಲ್ಕು ಅಂಕ. 114-113. ಸತತ ಐದನೆಯ ಸೋಲು, ಐದೂ ತವರಿನಲ್ಲಿ. ಮರುದಿನ ಅಭ್ಯಾಸ ಮುಗಿಸಿ ವಿಮಾನ ನಿಲ್ದಾಣದ ದಾರಿಯಲ್ಲಿದ್ದ ಬ್ರೌನ್ ಅವರಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸಲಾಯಿತೆಂದು ಅಂದಿನ ವರದಿಗಳು ಹೇಳುತ್ತವೆ. 13 ಗೆಲುವು, 18 ಸೋಲು. ಅವರ ಸಹಾಯಕರಾಗಿದ್ದ, ಹಿಂದೆ ಇದೇ ತಂಡಕ್ಕೆ ಆಡಿದ್ದ ಡಗ್ ಕ್ರಿಸ್ಟಿ ಅಧಿಕಾರ ವಹಿಸಿಕೊಂಡರು.

ಇಲ್ಲಿ ಎದುರು ಪಕ್ಷದ ವಾದವನ್ನೂ ಕೇಳಬೇಕು. ಕ್ರಿಸ್ಟಿ ಅವರ ಕೈಯಲ್ಲಿ ತಂಡ 27 ಗೆದ್ದು 24 ಸೋತಿತು. 13-18ಕ್ಕಿಂತ ಇದು ಎದ್ದುಕಾಣುವಷ್ಟು ಮೇಲು. ಹಾಗಾದರೆ ಬದಲಾವಣೆ ಫಲಿಸಿತಲ್ಲವೆ? ಅಷ್ಟು ಸುಲಭವಾಗಿ ಒಪ್ಪಲು ನಮಗೆ ಸಂಕೋಚವಿದೆ. ತರಬೇತುದಾರನನ್ನು ಯಾರೂ ಗೆಲುವಿನ ಸರಣಿಯ ನಡುವೆ ತೆಗೆಯುವುದಿಲ್ಲ. ತಂಡ ತನ್ನ ನಿಜವಾದ ಯೋಗ್ಯತೆಗಿಂತ ಕೆಳಗೆ ಕುಸಿದಾಗಲೇ ತೆಗೆಯುತ್ತಾರೆ. ತಳ ಮುಟ್ಟಿದ್ದು ಹೇಗೂ ಮೇಲೇಳುತ್ತದೆ. ಜ್ವರದ ಮೂರನೆಯ ದಿನ ಕಟ್ಟಿದ ತಾಯಿತವು ನಾಲ್ಕನೆಯ ದಿನ ಕೀರ್ತಿ ಪಡೆಯುವ ಹಾಗೆ, ಹೊಸ ತರಬೇತುದಾರನೂ ಆ ಏರಿಕೆಯ ಕೀರ್ತಿಗೆ ಪಾತ್ರನಾಗುತ್ತಾನೆ. ಇದು ನಮ್ಮ ಊಹೆಯಲ್ಲ. ನೆದರ್ಲೆಂಡ್ಸ್‌ನ ಫುಟ್‌ಬಾಲ್ ಲೀಗಿನ 1986ರಿಂದ 2004ರವರೆಗಿನ ದಾಖಲೆಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರೊಬ್ಬರು, ತರಬೇತುದಾರನನ್ನು ತೆಗೆದ ತಂಡಗಳ ಜೊತೆಗೆ ಅಷ್ಟೇ ಕುಸಿದಿದ್ದರೂ ತೆಗೆಯದ ತಂಡಗಳನ್ನೂ ಇಟ್ಟು ನೋಡಿದರು. ಎರಡು ಬಗೆಯವೂ ಚೇತರಿಸಿಕೊಂಡಿದ್ದವು. ಬದಲಾವಣೆಯಿಂದಲೇ ಬಂದ ಲಾಭ ಕಾಣಿಸಲಿಲ್ಲ.

ಕಿಂಗ್ಸ್‌ನ ವಿಷಯದಲ್ಲಿ ಇನ್ನೊಂದು ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2017ರಲ್ಲಿ ಇಪ್ಪತ್ತು ತುಂಬುವ ಮೊದಲೇ ಆ ತಂಡಕ್ಕೆ ಬಂದ ಫಾಕ್ಸ್ ಎಂಟು ತಿರುಗಾಟಗಳೊಳಗೆ ಐವರು ತರಬೇತುದಾರರನ್ನು ಕಂಡರು. ಪ್ರತಿಯೊಬ್ಬರ ಜೊತೆಗೂ ಹೊಸ ಸಂಜ್ಞೆ, ಹೊಸ ರಕ್ಷಣಾ ವಿಧಾನ, ಹೊಸ ವಿಶ್ವಾಸ. ಬ್ರೌನ್ ಹೋದ ಕೆಲವೇ ವಾರಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಅವರೂ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಹೊರಟುಹೋದರು. ತರಬೇತುದಾರನ ಬದಲಾವಣೆಯೊಂದೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ನಿಲ್ಲದ ಮನೆಯಲ್ಲಿ ಯಾರು ತಾನೆ ನಿಲ್ಲುತ್ತಾರೆ?

ಹಾಗೆಂದು ತರಬೇತುದಾರನನ್ನು ಎಂದಿಗೂ ಬದಲಿಸಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಡಿಸೆಂಬರ್ 26ರಂದು ಎದುರಿಗಿದ್ದ ಡಿಟ್ರಾಯಿಟ್ ತಂಡವೇ ಅದಕ್ಕೆ ಸಾಕ್ಷಿ. 2023ರಲ್ಲಿ ಅವರು ಮಾಂಟಿ ವಿಲಿಯಮ್ಸ್ ಎಂಬ ಪ್ರಸಿದ್ಧರನ್ನು ಆರು ವರ್ಷಗಳಿಗೆ 7.85 ಕೋಟಿ ಡಾಲರ್ ಕೊಟ್ಟು ತಂದಿದ್ದರು. ಆ ವರ್ಷ ತಂಡ ಸತತ 28 ಪಂದ್ಯಗಳನ್ನು ಸೋತು, ಒಂದೇ ತಿರುಗಾಟದಲ್ಲಿ ಅಷ್ಟು ಸತತ ಸೋಲುಂಡ ಮೊದಲ ತಂಡವೆನಿಸಿತು. ಅಂತಿಮ ಲೆಕ್ಕ 14-68. ಆಗ ಒಡೆಯ ಟಾಮ್ ಗೋರ್ಸ್ ಮಾಡಿದ್ದನ್ನು ಗಮನಿಸಿ. ತಂಡವನ್ನು ಕಟ್ಟಿದ ಜನರಲ್ ಮ್ಯಾನೇಜರ್ ಅವರ ಮೇಲೆ ಮೊದಲು ಟ್ರೇಜನ್ ಲ್ಯಾಂಗ್ಡನ್ ಎಂಬ ಹೊಸಬರು ಬಂದರು. ಆ ಬಳಿಕ ಜನರಲ್ ಮ್ಯಾನೇಜರ್ ಹೋದರು. ಆಮೇಲೆ, 2024ರ ಜೂನ್‌ನಲ್ಲಿ, ಇನ್ನೂ ಆರೂವರೆ ಕೋಟಿ ಡಾಲರ್ ಕೊಡಬೇಕಾಗಿದ್ದರೂ ವಿಲಿಯಮ್ಸ್ ಅವರನ್ನು ಬಿಡಲಾಯಿತು. ಜೊತೆಗೆ ದೂರದಿಂದ ಗುರಿಯಿಡಬಲ್ಲ ಅನುಭವಿ ಆಟಗಾರರನ್ನು ತಂದು ಎಳೆಯ ನಾಯಕ ಕೇಡ್ ಕನಿಂಗ್‌ಹ್ಯಾಮ್ ಸುತ್ತ ನಿಲ್ಲಿಸಲಾಯಿತು. ಹೊಸ ತರಬೇತುದಾರ ಜೆ.ಬಿ. ಬಿಕರ್‌ಸ್ಟಾಫ್ ಮೊದಲ ನಾಲ್ಕು ಪಂದ್ಯಗಳನ್ನೂ ಸೋತರು. ಯಾರೂ ಗಾಬರಿಯಾಗಲಿಲ್ಲ. ವರ್ಷದ ಕೊನೆಗೆ 44 ಗೆಲುವು, 38 ಸೋಲು. ಹಿಂದಿನ ವರ್ಷದ ಮೂರು ಪಟ್ಟಿಗೂ ಹೆಚ್ಚು.

ಈ ಬಿಕರ್‌ಸ್ಟಾಫ್ ಯಾರೆಂದರೆ, ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ 48 ಪಂದ್ಯ ಗೆದ್ದ ಮೇಲೂ ‘ಇಷ್ಟು ಸಾಲದು’ ಎಂದು ಅದೇ ವರ್ಷ ಕಳುಹಿಸಿಬಿಟ್ಟವರು. ಅವರ ಜಾಗಕ್ಕೆ ಬಂದ ಕೆನ್ನಿ ಆಟ್ಕಿನ್ಸನ್ ಕ್ಲೀವ್‌ಲ್ಯಾಂಡ್‌ಗೆ 64 ಗೆಲುವು ತಂದುಕೊಟ್ಟು ವರ್ಷದ ಶ್ರೇಷ್ಠ ತರಬೇತುದಾರರಾದರು. ಒಂದೂರಿಗೆ ಸಾಲದಾದವನು ಇನ್ನೊಂದೂರಿಗೆ ಭಾಗ್ಯನಾದ. ಕಳುಹಿಸಿದ ಊರಿಗೂ ನಷ್ಟವಾಗಲಿಲ್ಲ. ತರಬೇತುದಾರ ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ, ಈ ಆಟಗಾರರಿಗೆ, ಅವರ ಬೆಳವಣಿಗೆಯ ಈ ಘಟ್ಟದಲ್ಲಿ, ಅವನು ಹೊಂದುತ್ತಾನೆಯೇ ಎಂಬುದೇ ಮುಖ್ಯವೆಂದು ಇದರಿಂದ ನಮಗೆ ತೋರುತ್ತದೆ.

ಆದ್ದರಿಂದ ಸೋಲುವ ತಂಡದ ಒಡೆಯನು ಅಂಕಪಟ್ಟಿಯನ್ನು ಬದಿಗಿಟ್ಟು ಮೊದಲು ಕೇಳಿಕೊಳ್ಳಬೇಕಾದದ್ದು, ಈ ಆಟಗಾರರನ್ನು ಇಟ್ಟುಕೊಂಡು ಬೇರೆ ಯಾರಾದರೂ ಎಷ್ಟು ಗೆಲ್ಲುತ್ತಿದ್ದರು ಎಂಬುದನ್ನು. ಗಾಯಾಳುಗಳೆಷ್ಟು, ಒಂದೆರಡು ಅಂಕಗಳಿಂದ ಕೈತಪ್ಪಿದ ಪಂದ್ಯಗಳೆಷ್ಟು ಎಂಬುದನ್ನು ಕಳೆದ ಮೇಲೂ ಕೊರತೆ ಉಳಿದರೆ ಆಗ ಅಂಚಿನಲ್ಲಿರುವವನತ್ತ ನೋಡಬಹುದು. ಆಟಗಾರರು ಅವನ ಮಾತನ್ನು ಕೇಳುವುದನ್ನು ನಿಲ್ಲಿಸಿದ್ದರೆ ಅದು ರಕ್ಷಣೆಯಲ್ಲಿ ಮೊದಲು ಕಾಣುತ್ತದೆ, ಏಕೆಂದರೆ ಅಂಕ ಗಳಿಸಲು ಪ್ರತಿಯೊಬ್ಬನಿಗೂ ಸ್ವಂತ ಆಸೆಯಿರುತ್ತದೆ, ಕಾಯಲು ಓಡುವುದು ವಿಶ್ವಾಸವಿದ್ದರೆ ಮಾತ್ರ. ಅಂಥ ವಿಶ್ವಾಸ ಮುರಿದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಮುರಿಯದಿದ್ದರೆ ಕಾಯಬೇಕು. 1999ರಲ್ಲಿ ಸ್ಯಾನ್ ಆಂಟೋನಿಯೊ ತಂಡ 6-8ರಿಂದ ಆರಂಭಿಸಿದಾಗ ಅಲ್ಲಿನ ತರಬೇತುದಾರ ಗ್ರೆಗ್ ಪೊಪೊವಿಚ್ ಅವರನ್ನು ತೆಗೆಯಬೇಕೆಂಬ ಕೂಗು ಎದ್ದಿತ್ತು. ತೆಗೆಯಲಿಲ್ಲ. ಉಳಿದ 36 ಪಂದ್ಯಗಳಲ್ಲಿ 31 ಗೆದ್ದ ತಂಡ ಆ ವರ್ಷವೇ ಪ್ರಶಸ್ತಿ ಗೆದ್ದಿತು. 2025ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಐದು ಪ್ರಶಸ್ತಿಗಳಾಗಿದ್ದವು.

ಕಿಂಗ್ಸ್ ತಂಡ 2024-25ನ್ನು 40 ಗೆಲುವು 42 ಸೋಲಿನೊಂದಿಗೆ ಮುಗಿಸಿ, 2025ರ ಏಪ್ರಿಲ್ 16ರಂದು ತವರಿನಲ್ಲೇ ಪ್ಲೇ-ಇನ್ ಪಂದ್ಯವನ್ನು ಡಲ್ಲಾಸ್‌ಗೆ ಒಪ್ಪಿಸಿತು. ಆ ರಾತ್ರಿಯೇ ಜನರಲ್ ಮ್ಯಾನೇಜರ್ ಮಾಂಟೆ ಮೆಕ್‌ನೇರ್ ಹೊರನಡೆದರು. ಮೇ ತಿಂಗಳ ಆರಂಭದಲ್ಲಿ ಕ್ರಿಸ್ಟಿ ಅವರನ್ನು ಪೂರ್ಣಾವಧಿಗೆ ನೇಮಿಸಲಾಯಿತು. ಬ್ರೌನ್ ಅವರನ್ನು ಜುಲೈನಲ್ಲಿ ನ್ಯೂಯಾರ್ಕ್ ನಿಕ್ಸ್ ಕರೆದುಕೊಂಡಿತು. ಆ ತಂಡವೂ, ತನ್ನನ್ನು ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಪೂರ್ವ ವಿಭಾಗದ ಅಂತಿಮ ಸರಣಿಗೆ ಮುಟ್ಟಿಸಿದ ತರಬೇತುದಾರನನ್ನು, ಹಿಂದಿನ ತಿಂಗಳಷ್ಟೇ ತೆಗೆದುಹಾಕಿತ್ತು.